ಇಪ್ಪತ್ತು ಕಟ್ಟು ದವನ

ಆ ದಿನವೂ ಬೆಳಿಗ್ಗೆ ಐದೂವರೆಗೆ ನಲ್ಲಿ ಕೆಮ್ಮಿತು. ನ್ಯಾಮತಿಯ ನಮ್ಮ ಬೀದಿಯಲ್ಲಿ ನೀರು ಬರುವ ಮೊದಲು ನಲ್ಲಿ ಒಂದೆರಡು ನಿಮಿಷ ಹಾಗೆ ಕೆಮ್ಮುತ್ತದೆ. ಆ ಸದ್ದಿಗೇ ನನಗೆ ಎಚ್ಚರ. ಎರಡು ಡ್ರಮ್ಮು ತುಂಬಿಸಿದೆ, ಬಾಗಿಲಿಗೆ ನೀರು ಹಾಕಿ ಸಣ್ಣದೊಂದು ರಂಗೋಲಿ ಎಳೆದೆ, ಹಾಲು ಕಾಯಲು ಇಟ್ಟೆ. ಹಾಲು ಉಕ್ಕುವಷ್ಟರಲ್ಲಿ ಹಿಂದಿನ ಕೋಣೆಗೆ ಒಮ್ಮೆ ಹೋಗಿ ಬಂದೆ. ಅವಲಕ್ಕಿ ತೊಳೆದಿಟ್ಟು ಮತ್ತೊಮ್ಮೆ ಹೋಗಿ ಬಂದೆ. ಮಗಳ ಎರಡು ಜಡೆಯಲ್ಲಿ ಒಂದಕ್ಕೆ ಮಾತ್ರ ರಿಬ್ಬನ್ ಕಟ್ಟಿ ಕಳಿಸಿದ್ದೆನಂತೆ. ಅವಳು ಗೇಟಿನಿಂದ ವಾಪಸ್ ಬಂದು ಇನ್ನೊಂದು ಜಡೆಯನ್ನು ಮುಂದಕ್ಕೆ ಹಿಡಿದು ನಿಂತಳು. ಹೊನ್ನಾಳಿಗೆ ಕೆಲಸಕ್ಕೆ ಹೋಗುವ ನಮ್ಮವರು ಒಂದು ತುತ್ತು ಅವಲಕ್ಕಿ ಬಾಯಿಗಿಟ್ಟು ಉಪ್ಪಿನ ಡಬ್ಬಿ ಎಳೆದುಕೊಂಡರು.

ಹಿಂದಿನ ಕೋಣೆಯಲ್ಲಿ ಇದ್ದದ್ದು ದವನ. ಹೂವಿನ ಹಾರದಲ್ಲಿ ಮಲ್ಲಿಗೆ, ಸೇವಂತಿಗೆಗಳ ನಡುವೆ ಬೂದುಹಸಿರು ಎಸಳಾಗಿ ಸಿಕ್ಕಿಕೊಂಡಿರುತ್ತದಲ್ಲ, ಅದೇ. ಇಪ್ಪತ್ತು ಕಟ್ಟು, ಆ ಸಲದ ಕೊನೆಯ ಕೊಯ್ಲು. ಎರಡು ದಿನದಿಂದ ಅದನ್ನು ಹಗ್ಗದ ಮಂಚದ ಮೇಲೆ, ಕಿಟಕಿಯಿಂದ ಕಿಟಕಿಗೆ ಜೋಕಾಲಿಯಂತೆ ಕಟ್ಟಿದ ಹಳೆಯ ಸೀರೆಗಳ ಮೇಲೆ ನೆರಳಲ್ಲಿ ಹರಡಿದ್ದೆ. ಪ್ರತಿ ಸಲ ಹೋದಾಗಲೂ ಒಂದು ಕಡ್ಡಿ ಎತ್ತಿ ಬಗ್ಗಿಸಿ ನೋಡುತ್ತಿದ್ದೆ. ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಮೇಡಂ ಬರುವವರಿದ್ದರು.

ಮೇಡಂ ಅಂದರೆ ನಮಗೆ ದವನದಿಂದ ಸುಗಂಧದ ಎಣ್ಣೆ ತೆಗೆಯುವ ಭಟ್ಟಿ ಕೊಡಿಸಿದ ಸಂಸ್ಥೆಯವರು. ನಮ್ಮದು ಎಂಟು ಹೆಂಗಸರ ಗುಂಪು. ಬೀದಿಯ ತುದಿಗೆ, ಮೆಕ್ಕೆಜೋಳ ಒಣಗಿಸುವ ಕಣದ ಆಚೆ ಇರುವ ತಗಡಿನ ಶೆಡ್ಡಿನಲ್ಲಿ ಭಟ್ಟಿ ಕೂರಿಸಿಕೊಟ್ಟಿದ್ದರು. ಭಟ್ಟಿ ಎಂಬ ಮಾತು ಕೇಳಿಯೇ ಮೊದಲ ದಿನ ಇಬ್ಬರು ಗಂಡಸರು ಬೈಕಿನಲ್ಲಿ ಬಂದು, ಒಳಗೆ ಇಣುಕಿ, ಮೂಗು ಅರಳಿಸಿ, ನಿರಾಸೆಯಿಂದ ಹೋದರು. ಯಂತ್ರ ಒಂದು ಹಂಗಾಮಿನ ಮಟ್ಟಿಗೆ ಮಾತ್ರ ನಮ್ಮದು. ಕೊನೆಯ ದಿನ ತಾವೇ ಬಂದು ನಿಂತು ಅಳೆಯುತ್ತೇವೆ, ಒಂದು ಕ್ವಿಂಟಲ್ ಹಸಿ ದವನಕ್ಕೆ ನೂರು ಎಂ.ಎಲ್. ಎಣ್ಣೆ ಬಂದರೆ ಭಟ್ಟಿ ಇಲ್ಲೇ ಉಳಿಯುತ್ತದೆ, ಬರದಿದ್ದರೆ ಚನ್ನಗಿರಿಯ ಇನ್ನೊಂದು ಗುಂಪಿಗೆ ಹೋಗುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ನಮ್ಮ ಗುಂಪಿನ ಆರು ಜನ ಬೇರೆಯವರ ಹೊಲದಲ್ಲಿ ಬಗ್ಗಿ ದುಡಿದವರು. ಸೂರು ಇರುವ ಜಾಗದಲ್ಲಿ, ನೇರ ನಿಂತು ಮಾಡುವ ಕೆಲಸ ಅವರಿಗೆ ಸಿಕ್ಕಿದ್ದು ಅದೇ ಮೊದಲು. ನನಗಂತೂ ಅಡುಗೆಮನೆಯ ಹೊರಗೆ ಸಿಕ್ಕ ಮೊದಲ ಕೆಲಸ.

ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಯಂತ್ರದ ಜೊತೆ ಬಂದ ಪುಸ್ತಕ ನನ್ನ ಕೈಗೆ ಬಂದಿತ್ತು. ಯಾವ ನಟ್ಟು ಎಲ್ಲಿ, ಮುಚ್ಚಳ ಹೇಗೆ ಬಿಗಿಯಬೇಕು ಎಂಬುದಷ್ಟೇ ಅದರಲ್ಲಿ ಇತ್ತು. ಎಲೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನೋಟ್‌ಬುಕ್ ಬರೆಯುವ ಕೆಲಸವೂ ನನ್ನದೇ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಕೆಂಪು ಪೆನ್ನಿನಲ್ಲಿ ಮಾರ್ಜಿನ್ ಹಾಕಿ, ದಿನಾಂಕ, ಪಾತ್ರೆಗೆ ತುಂಬಿದ ಎಲೆಯ ತೂಕ, ಉರಿ ಹಚ್ಚಿದ ಹೊತ್ತು, ಬಂದ ಎಣ್ಣೆ ಎಂದು ನಾಲ್ಕು ಕಲಂ ಮಾಡಿದ್ದೆ.

ಮೊದಲ ಪಾತ್ರೆಗೆ ದವನವನ್ನು ಹಸಿಯಾಗಿಯೇ ತುಂಬಿದೆವು. ನೀರುಂಡ ಎಲೆ ಒಂದಕ್ಕೊಂದು ಮೆತ್ತಿಕೊಂಡು ಆವಿ ಒಂದೇ ಮೂಲೆಯಿಂದ ದಾರಿ ಮಾಡಿಕೊಂಡು ಮೇಲೆ ಬಂತು. ಸಾಯಂಕಾಲದವರೆಗೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಉರಿಸಿದ್ದಕ್ಕೆ ಸಿಕ್ಕಿದ್ದು ನಲವತ್ತೈದು ಎಂ.ಎಲ್. ಎಲ್ಲರ ಮುಖವೂ ಸಣ್ಣದಾಯಿತು. ಆಗ ದೊಡ್ಡಕ್ಕ ಬಾಯಿ ಬಿಟ್ಟರು.

ದೊಡ್ಡಕ್ಕ ನಮ್ಮ ಗುಂಪಿನ ಹಿರಿಯರು. ತವರು ಜಗಳೂರಿನ ಕಡೆ. ಬಿಸಿಲಿನ ವಿಷಯಕ್ಕೆ ಅವರ ಮುಂದೆ ಯಾರೂ ಮಾತಾಡುವ ಹಾಗಿಲ್ಲ.

"ಹಸೀದು ತುಂಬಿದ್ರೆ ನೀರೇ ಬರೋದು. ನಮ್ಮ ಜಗಳೂರು ಕಡೆ ಬಿಸಿಲು ಕಾಣದೆ ಯಾವ ಕಾಳೂ ಮನಿ ಒಳಗೆ ಬರಲ್ಲ. ಹಾಕ್ರಿ ತಾರಸಿ ಮ್ಯಾಗೆ," ಎಂದರು.

ನಮ್ಮ ತಾರಸಿಯ ಮೇಲೆ ಹಾಕಿದೆವು. ಸಾಲದೆ ಹೋದಾಗ ಎದುರು ಮನೆಯ ಕಂಡಕ್ಟರ್ ಮಾಮ ತಮ್ಮ ತಾರಸಿಯನ್ನೂ ಬಿಟ್ಟುಕೊಟ್ಟರು. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ದಿನದ ಹೆಚ್ಚು ಹೊತ್ತು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಾರೆ. ಮೆಕ್ಕೆಜೋಳ ಒಣಗಿಸುವ ನಮ್ಮ ಕಡೆ ಕಣದಲ್ಲಿ ಹರಡಿದ ಕಾಳನ್ನು ತಿರುವಲು ಸಲಿಕೆ ಹಿಡಿಯುವುದಿಲ್ಲ. ಬರಿಗಾಲಲ್ಲಿ ಕಾಲೆಳೆಯುತ್ತಾ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಕಾಲಾಡಿಸುವುದು ಎನ್ನುತ್ತಾರೆ ಅದಕ್ಕೆ. ದವನಕ್ಕೂ ಅದನ್ನೇ ಮಾಡಿದೆವು. ಗಂಟೆಗೊಮ್ಮೆ ಇಬ್ಬರು ಸೀರೆ ಎತ್ತಿ ಕಟ್ಟಿಕೊಂಡು ಬಿಸಿ ಸಿಮೆಂಟಿನ ಮೇಲೆ ಕಾಲಾಡಿಸುತ್ತಿದ್ದರು. ಕಾಲಿಟ್ಟಲ್ಲೆಲ್ಲ ಘಮ ಏಳುತ್ತಿತ್ತು. ದೊಡ್ಡಕ್ಕ ತಮ್ಮ ಪಾದ ಎತ್ತಿ ಮೂಗಿನ ಹತ್ತಿರ ತರಲು ಆಗದೆ ನಗುತ್ತಾ, ಇಷ್ಟು ವರ್ಷಕ್ಕೆ ತಮ್ಮ ಕಾಲು ದೇವರ ಕಾಲಾಯಿತು ಎಂದರು. ಕಂಡಕ್ಟರ್ ಮಾಮ ಕೆಳಗಿನಿಂದ ಕೂಗಿದರು: "ತಂಗಿ, ಬೀದಿ ತುಂಬಾ ಘಮ ಐತೆ ನೋಡು. ಟಿಕೆಟ್ ಇಲ್ದೇನೇ ಕರ್ಕೊಂಡು ಹೋಗ್ತಾ ಇದೀರ ನಮ್ಮನ್ನ."

ಆ ಪಾತ್ರೆಗೆ ಎಪ್ಪತ್ತೆರಡು ಎಂ.ಎಲ್. ಬಂತು. ನಲವತ್ತೈದು ಎಲ್ಲಿ, ಎಪ್ಪತ್ತೆರಡು ಎಲ್ಲಿ. ಆ ದಿನ ಶೆಡ್ಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತರಿಸಿ ತಿಂದೆವು. ಒಂದು ದಿನದ ಬಿಸಿಲಿಗೆ ಇಷ್ಟು ಬಂದರೆ ಮೂರು ದಿನಕ್ಕೆ ಎಷ್ಟು ಬರಬಹುದು ಎಂದು ಲೆಕ್ಕ ಹಾಕಿದವಳು ನಾನೇ. ಮೂರನೆಯ ಕೊಯ್ಲನ್ನು ಮೂರು ದಿನ ತಾರಸಿಯ ಮೇಲೆ ಬಿಟ್ಟೆವು. ದೊಡ್ಡಕ್ಕ ಒಂದು ಹಿಡಿ ಎತ್ತಿ, ಕಾಳನ್ನು ಪರೀಕ್ಷೆ ಮಾಡುವ ಹಾಗೆ ಕಿವಿಯ ಹತ್ತಿರ ಅಲುಗಿಸಿ, ಸರಸರ ಸದ್ದು ಬಂದ ಮೇಲೆಯೇ ಸರಿ ಅಂದರು. ಬಂದದ್ದು ಎಪ್ಪತ್ತು. ಎರಡು ಎಂ.ಎಲ್. ಕಡಿಮೆ. ಉರಿ ಸರಿಯಾಗಿರಲಿಲ್ಲ ಎಂದು ಒಬ್ಬರು, ತಣ್ಣೀರು ಬದಲಾಯಿಸುವುದು ತಡವಾಯಿತು ಎಂದು ಇನ್ನೊಬ್ಬರು. ಯಾರೂ ಎಲೆಯ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ನಾನು ನೋಡಿದ್ದು ಚಿಂದಿಗಳನ್ನು. ನಮಗೆ ದವನ ಬೆಳೆದು ಕೊಡುತ್ತಿದ್ದಾಕೆ ಸೂರಗೊಂಡನಕೊಪ್ಪದ ಕಡೆಯ ಹೊಲದವಳು. ಅವಳು ಕೊಯ್ದ ದವನವನ್ನು ಹಳೆಯ ಸೀರೆಯ ಅಂಚನ್ನು ಹರಿದು ಕಟ್ಟುತ್ತಿದ್ದಳು. ಕೈ ಅಳತೆ ಎಷ್ಟು ಪಕ್ಕಾ ಎಂದರೆ ಯಾವ ಕಟ್ಟು ತೂಗಿದರೂ ಐದು ಕೆ.ಜಿ.ಗೆ ಒಂದು ಹಿಡಿ ಹೆಚ್ಚುಕಮ್ಮಿ. ಚಿಂದಿಗಳನ್ನು ಎಸೆಯಬೇಡಿ ಅಕ್ಕಾರೆ, ಮುಂದಿನ ವರ್ಷಕ್ಕೆ ಬೇಕು ಎಂದು ಹೇಳಿದ್ದಳು. ನಾನು ಪ್ರತಿ ಕೊಯ್ಲಿನ ಚಿಂದಿಗಳನ್ನು ಒಂದೊಂದು ಗೊಂಚಲು ಮಾಡಿ ಗಂಟು ಹಾಕಿ ಅಡುಗೆಮನೆಯ ಕಿಟಕಿಯ ಸರಳಿಗೆ ತೂಗುಬಿಟ್ಟಿದ್ದೆ. ಮೂರನೆಯ ಪಾತ್ರೆ ಇಳಿಸಿದ ಮಾರನೇ ದಿನ, ಬೇಳೆ ತೊಳೆಯುತ್ತಾ ನಿಂತಿದ್ದಾಗ, ಮೂರು ಗೊಂಚಲು ಒಂದೇ ದಪ್ಪ ಇಲ್ಲ ಎಂಬುದು ಕಣ್ಣಿಗೆ ಬಿತ್ತು. ಮೊದಲನೆಯದು ಸಪೂರ. ಮೂರನೆಯದು ನನ್ನ ಮುಷ್ಟಿಗಿಂತ ದಪ್ಪ.

ಕೈ ಒರೆಸಿಕೊಂಡು ಎಣಿಸಿದೆ. ಹತ್ತು, ಹದಿನೆಂಟು, ಇಪ್ಪತ್ತೆಂಟು.

ಬೇಳೆ ಅಲ್ಲೇ ಬಿಟ್ಟು ನೋಟ್‌ಬುಕ್ ತೆಗೆದೆ. ಒಣಗಿದ ಎಲೆ ಸೊರಗಿ ಪಾತ್ರೆಯಲ್ಲಿ ಹೆಚ್ಚು ಹಿಡಿಸುತ್ತದೆ. ನಾವು ಪಾತ್ರೆಗೆ ಎಷ್ಟು ಎಣ್ಣೆ ಎಂದು ನೋಡಿ ಹಿಗ್ಗಿದ್ದೆವು. ಆ ಪಾತ್ರೆಗೆ ಎಷ್ಟು ಹೊಲ ಹೋಯಿತು ಎಂದು ನೋಡಿರಲಿಲ್ಲ. ಹಸಿಯಾಗಿ ತುಂಬಿದ್ದು ಹತ್ತು ಕಟ್ಟಿಗೆ ನಲವತ್ತೈದು, ಎಂದರೆ ಇಪ್ಪತ್ತು ಕಟ್ಟಿನ ಒಂದು ಕ್ವಿಂಟಲ್‌ಗೆ ತೊಂಬತ್ತು. ಒಂದು ದಿನದ ಬಿಸಿಲಿನದು ಕ್ವಿಂಟಲ್‌ಗೆ ಎಂಬತ್ತು. ಮೂರು ದಿನದ್ದು ಐವತ್ತು. ಮೇಡಂ ಹಸಿ ದವನಕ್ಕೆ ಎಂದು ಸ್ಪಷ್ಟವಾಗಿ ಹೇಳಿದ್ದರು. ನನ್ನ ನಾಲ್ಕು ಕಲಂನಲ್ಲಿ ಹಸಿ ತೂಕಕ್ಕೆ ಜಾಗವೇ ಇರಲಿಲ್ಲ. ಅಕ್ಷರ ಮುತ್ತಿನಂತಿತ್ತು, ಮಾರ್ಜಿನ್ ನೇರವಾಗಿತ್ತು. ಒಲೆ ಹಚ್ಚದೆ ಅಡುಗೆಮನೆಯಲ್ಲೇ ಅತ್ತಿತ್ತ ನಡೆದೆ. ಮಧ್ಯಾಹ್ನ ಮನೆಯಲ್ಲಿ ಬರೀ ಮೊಸರನ್ನ.

ಶೆಡ್ಡಿನಲ್ಲಿ ಎಲ್ಲರ ಎದುರು ಗೊಂಚಲುಗಳನ್ನು ಬಿಚ್ಚಿ ಹರಡಿ ತೋರಿಸಿದೆ. ನೆರಳಲ್ಲಿ ಬಾಡಿಸೋಣ, ನೀರು ಹೋಗಲಿ, ಸುಡುವುದು ಬೇಡ ಎಂದೆ. ದೊಡ್ಡಕ್ಕ ಮೂರನೆಯ ಗೊಂಚಲಿನ ಚಿಂದಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಅವರಿಗೆ ನೋವಾಗಿದ್ದು ಎಣ್ಣೆಗಲ್ಲ. ಐವತ್ತು ವರ್ಷ ಒಣಗಿಸಿದ ಕೈಯನ್ನು ನಾಲ್ಕು ಚಿಂದಿ ಸುಳ್ಳು ಮಾಡಿದವಲ್ಲ ಎಂದು.

"ನೆರಳಾಗೆ ಹಾಕಿದ್ದು ಒಣಗಲ್ಲ ತಂಗಿ, ಕೊಳೀತೈತೆ," ಎಂದರು. "ನೀನು ಓದಿದಾಕಿ. ಕೊಳೆತ ಮ್ಯಾಲೆ ಓದು ಬರಲ್ಲ ಕೈ ಹಿಡಿಯಾಕೆ."

ಅವರ ಮಾತು ಅರ್ಧ ನಿಜವಾಯಿತು. ಕೊನೆಯ ಇಪ್ಪತ್ತು ಕಟ್ಟು ಗೂಡ್ಸ್ ಆಟೋದಲ್ಲಿ ಹಿತ್ತಿಲ ಓಣಿಯಿಂದ ಬಂತು. ಹಿಂದಿನ ಬಾಗಿಲಿನಿಂದ ಒಳಗೆ ತಂದು ಆ ಕೋಣೆಯಲ್ಲಿ ಹರಡಿದೆವು. ಜಾಗ ಸಾಲದೆ ದಪ್ಪವಾಗಿ ಹಾಕಿದ್ದೆ. ಸಾಯಂಕಾಲ ಕೈ ಒಳಗೆ ತೂರಿಸಿದರೆ ಜ್ವರ ಬಂದ ಮಗುವಿನ ಹೊಟ್ಟೆಯಂತೆ ಬಿಸಿ. ಅಡಿಯಲ್ಲಿ ಎರಡು ಹಿಡಿಯಷ್ಟು ಕಪ್ಪಾಗಿ, ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ಕಪ್ಪಾದದ್ದನ್ನು ಆರಿಸಿ ತೆಗೆದೆ. ಬೀರುವಿನಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಹೊರಗೆ ಹಾಕಿ, ಕಿಟಕಿಯಿಂದ ಕಿಟಕಿಗೆ ಕಟ್ಟಿ, ಅಡಿಯಿಂದಲೂ ಗಾಳಿ ಆಡುವ ಹಾಗೆ ತೆಳುವಾಗಿ ಹರಡಿದೆ. ಕಾಲಾಡಿಸುವ ಮಾತೇ ಇಲ್ಲ. ಮಗುವನ್ನು ಮಗ್ಗುಲಾಗಿಸುವಂತೆ ಎರಡೂ ಕೈಯಲ್ಲಿ ಎತ್ತಿ ತಿರುವಿ ಹಾಕುವುದು. ನಡುಮನೆಗೂ ಎರಡು ಸೀರೆ ಬಂದವು. ನಮ್ಮವರು ಬಗ್ಗಿಕೊಂಡು ಹಾದು ಹೋಗಿ, ಬಗ್ಗಿಕೊಂಡೇ ಊಟಕ್ಕೆ ಕೂತರು.

ಇನ್ನು ಆ ಬೆಳಿಗ್ಗೆಗೆ ಬರುತ್ತೇನೆ. ಒಂಬತ್ತು ಗಂಟೆಗೆ ದೊಡ್ಡಕ್ಕ ಬಂದು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದರು. ಸದ್ದಿಲ್ಲ. ಕಡ್ಡಿ ಬಗ್ಗಿಸಿದರು. ಬಾಗಿತು. ನನ್ನನ್ನು ನೋಡಿದರು.

"ಇದು ಇನ್ನೂ ಹಸಿ ಐತೆ. ಮೇಡಂ ಬರಾಕೆ ಎರಡು ತಾಸು ಐತಲ್ಲ, ಅಷ್ಟರಾಗೆ ತಾರಸಿ ಮ್ಯಾಗೆ ಒಂದು ಬಿಸಿಲು ಕೊಡಣ. ಯಾರಿಗೂ ಕೆಟ್ಟದ್ದಾಗಲ್ಲ," ಎಂದು ಒಂದು ಸೀರೆಯ ಗಂಟಿಗೆ ಕೈ ಹಾಕಿದರು.

ಹಿರಿಯರ ಕೈ ತಡೆದವಳಲ್ಲ ನಾನು. ಕೋಣೆಯ ಬಾಗಿಲಲ್ಲಿ ನಿಂತು ಕಿಟಕಿಯ ಹೊರಗೆ ಬಿಸಿಲು ನೋಡಿದೆ. ಶಿವರಾತ್ರಿ ಕಳೆದ ಬಿಸಿಲು, ಒಂಬತ್ತಕ್ಕೇ ಕಣ್ಣು ಕುಕ್ಕುತ್ತಿತ್ತು. ನೆರಳೇ ಸರಿ ಎಂಬುದಕ್ಕೆ ನನ್ನ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ. ಬಿಸಿಲು ಸರಿಯಿಲ್ಲ ಎಂಬುದಕ್ಕೆ ಮೂರು ಗೊಂಚಲು ಚಿಂದಿ, ಅಷ್ಟೇ. ಅವರು ಹೇಳಿದಂತೆ ಮಾಡಿ ಸೋತರೆ ಎಂಟೂ ಜನ ಸೋತಂತೆ. ನಾನು ಹೇಳಿದಂತೆ ಮಾಡಿ ಸೋತರೆ?

"ಬೇಡ ದೊಡ್ಡಕ್ಕ," ಎಂದೆ. ಧ್ವನಿ ನನ್ನದಲ್ಲವೆನ್ನುವಷ್ಟು ಸಣ್ಣಗಿತ್ತು. "ಹೀಗೇ ತುಂಬೋಣ. ಭಟ್ಟಿ ಹೋದರೆ ನಾನು ಹೇಳಿದ್ದಕ್ಕೆ ಹೋಯಿತು ಅಂತ ನೀವೇ ಮೇಡಂಗೆ ಹೇಳಿ."

ಅವರು ಗಂಟು ಬಿಟ್ಟರು. ಸೀರೆ ಸಮೇತ ದವನವನ್ನು ಹೊತ್ತು ಹಿತ್ತಿಲ ಓಣಿಯಿಂದಲೇ ಶೆಡ್ಡಿಗೆ ನಡೆದಾಗ ಎಲ್ಲರಿಗಿಂತ ಮುಂದೆ ಅವರೇ ಇದ್ದರು.

ಮೇಡಂ ಹೇಳಿದ ಹೊತ್ತಿಗೆ ಬಂದು, ಇಪ್ಪತ್ತು ಚಿಂದಿಗಳನ್ನು ತಾವೂ ಎಣಿಸಿ, ದವನ ಬಂದ ದಿನ ತೂಗಿ ಬರೆದಿದ್ದ ಹಸಿ ತೂಕವನ್ನು ನೋಟ್‌ಬುಕ್ಕಿನಲ್ಲಿ ನೋಡಿದರು. ಆ ಐದನೆಯ ಕಲಂ ಹೊಸದು. ಪಾತ್ರೆಯ ತಳಕ್ಕೆ ನೀರು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ದವನ. ಬಾಡಿದ ಎಲೆ ಮೆತ್ತಿಕೊಳ್ಳದೆ, ಪುಡಿಯೂ ಆಗದೆ, ಹತ್ತಿಯ ಹಾಗೆ ಕೂತಿತು. ಮುಚ್ಚಳ ಇಟ್ಟು ಸುತ್ತಲೂ ಮೈದಾ ಹಿಟ್ಟಿನ ಕಣಕ ಮೆತ್ತಿದೆವು. ಹನ್ನೊಂದೂವರೆಗೆ ಉರಿ. ಆವಿ ಕೊಳವೆಯಲ್ಲಿ ಹೋಗಿ ತಣ್ಣೀರಿನ ತೊಟ್ಟಿಯೊಳಗೆ ಸುತ್ತಿ ಈಚೆ ಹನಿಯಾಗಿ ಬರಬೇಕು. ಹನಿ ಬೀಳುವ ಡಬ್ಬಿಯಲ್ಲಿ ನೀರು ಕೆಳಗೆ, ಎಣ್ಣೆ ಮೇಲೆ. ಮೊದಲ ಹನಿ ಬರಲು ಮುಕ್ಕಾಲು ಗಂಟೆ. ನಾನು ಎದ್ದೆ, ಕೂತೆ, ತೊಟ್ಟಿಯ ನೀರು ಮುಟ್ಟಿದೆ, ಬಿಸಿಯಾಗುವ ಮೊದಲೇ ಬದಲಾಯಿಸಿದೆ, ಮತ್ತೆ ಎದ್ದೆ. ಕಣಕದ ಒಂದು ಬಿರುಕಿನಿಂದ ಎಳೆಯಂತೆ ಆವಿ ಬರುತ್ತಿತ್ತು; ಒದ್ದೆ ಹಿಟ್ಟು ಒತ್ತಿದೆ. ದೊಡ್ಡಕ್ಕ ಒಮ್ಮೆ ನನ್ನ ಸೆರಗು ಹಿಡಿದು ಎಳೆದು ಕೂರಿಸಿದರು.

ಎರಡೂವರೆಗೆ ಐವತ್ತೈದು. ಮೂರೂವರೆಗೆ ಎಪ್ಪತ್ತೆಂಟು. ಹಿಂದಿನ ಎರಡು ಸಲವೂ ನಾವು ಉರಿ ಆರಿಸಿದ್ದು ಎಪ್ಪತ್ತರ ಆಸುಪಾಸಿನಲ್ಲಿ ಎಣ್ಣೆ ನಿಂತ ಮೇಲೆ. ಈಗಲೂ ಹನಿ ನಿಧಾನವಾಯಿತು. ಒಬ್ಬಾಕೆ ಬೆಂಡು ಹಿಂದಕ್ಕೆ ಎಳೆಯಲು ಬಗ್ಗಿದಳು. ನಾನು ಡಬ್ಬಿಯ ಮೇಲೆ ಬಗ್ಗಿ ನೋಡುತ್ತಿದ್ದೆ. ಹನಿ ಕಡಿಮೆಯಾಗಿತ್ತು, ಆದರೆ ಬಣ್ಣ ಬದಲಾಗಿತ್ತು. ಮೊದಲು ತಿಳಿ ಕಷಾಯದಂತಿದ್ದದ್ದು ಈಗ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿ, ದಪ್ಪವಾಗಿ, ನೀರಿನ ಮೇಲೆ ಬಿದ್ದ ತಕ್ಷಣ ಹರಡದೆ ಒಂದು ಕ್ಷಣ ಗುಂಡಗೆ ನಿಲ್ಲುತ್ತಿತ್ತು. ಮುಗಿದದ್ದು ಹೀಗಿರುವುದಿಲ್ಲ ಅನ್ನಿಸಿತು. ಉರಿ ಇರಲಿ ಎಂದೆ. ಬೆಂಡಿನ ಮೂಟೆ ಬರಿದಾಗಿತ್ತು. ದೊಡ್ಡಕ್ಕ ಎದ್ದು ಕಣದ ಕಡೆ ಹೋಗಿ, ಯಾರನ್ನು ಕೇಳಿದರೋ ಏನೋ, ಒಂದು ಬುಟ್ಟಿ ಬೆಂಡು ತಂದು ಒಲೆಯ ಮುಂದೆ ಸುರಿದರು.

ಐದು ಗಂಟೆಗೆ ಹನಿ ನಿಂತಿತು. ಮೇಡಂ ಗಾಜಿನ ಅಳತೆಗೆ ಎಣ್ಣೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ನನ್ನನ್ನೂ ನೋಡಲು ಹೇಳಿದರು. ನೂರಾ ಆರು. ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, "ಭಟ್ಟಿ ಇಲ್ಲೇ ಇರಲಿ," ಎಂದರು. ಯಾರೋ ಒಬ್ಬಾಕೆ ಮೂಗು ಎಳೆದುಕೊಂಡ ಸದ್ದು ಕೇಳಿತು. ಉಳಿದವರು ಪಾತ್ರೆ ತೊಳೆಯಲು ಎದ್ದರು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಿಂತಿರುಗುವಾಗ ದೊಡ್ಡಕ್ಕ ಜೊತೆಗಿದ್ದರು, ಖಾಲಿ ಸೀರೆಗಳ ಗಂಟು ಅವರ ತಲೆಯ ಮೇಲೆ.

"ಬಂತು ಅಂತ ಒಪ್ಪಿದೆ," ಎಂದರು. "ಆದ್ರೆ ಉರಿ ಹೆಚ್ಚು ಹೊತ್ತು ಹಾಕಿದ್ವಿ. ನೀರೂ ಭಾಳ ಸಲ ಬದಲಾಯಿಸಿದಿ. ನೆರಳಿಂದ್ಲೇ ಬಂತು ಅಂತ ಹೆಂಗೆ ಹೇಳ್ತಿ?"

ಹೇಳಲಾರೆ ಎಂದೆ. ಅವರ ಮಾತು ನ್ಯಾಯವಾಗಿತ್ತು. ಒಂದೇ ಸಲಕ್ಕೆ ಮೂರು ನಾಲ್ಕು ಬದಲಾಯಿಸಿದ ಮೇಲೆ ಯಾವುದರಿಂದ ಏನಾಯಿತೆಂದು ಯಾರು ಹೇಳಬೇಕು. ಮುಂದಿನ ಸಲ ಇದೇ ಉರಿ, ಇದೇ ನೀರು ಇಟ್ಟು ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಹಾಕಿ ನೋಡಬೇಕು ಎಂದುಕೊಳ್ಳುತ್ತಲೇ ನಡೆದೆ. ಬಿಸಿಲಿನಲ್ಲಿ ಕಳೆದುಹೋದದ್ದಾದರೆ ಎಲ್ಲಿಗೆ ಹೋಯಿತು, ಕಣ್ಣಿಗೆ ಕಾಣದೆ ಹೇಗೆ ಹೋಯಿತು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಮನೆಯ ಮುಂದೆ ಬಂದಾಗ ಕಂಡಕ್ಟರ್ ಮಾಮ ಎಂದಿನಂತೆ ಜಗಲಿಯ ಕುರ್ಚಿಯಲ್ಲಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಅವರ ಹೆಂಡತಿ ಬಿಡಿಸಲು ಕೊಟ್ಟ ಅವರೆಕಾಯಿ. ತಲೆ ಎತ್ತದೆ, ಒಂದು ಕಾಯಿ ಸೀಳುತ್ತಾ ಕೇಳಿದರು.

"ಏನ್ ತಂಗಿ, ಈ ಸಲ ದವನ ಬರಲೇ ಇಲ್ಲೇನು? ಮೂರು ದಿನ ಆತು, ಬೀದಿಗೆ ಒಂಚೂರೂ ಘಮ ಇಲ್ಲ."

ದೊಡ್ಡಕ್ಕ ನಡೆಯುತ್ತಿದ್ದವರು ನಿಂತರು. ತಲೆಯ ಮೇಲಿನ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಬಗ್ಗಿ, ತಾರಸಿಯ ಮೇಲೆ ಕಾಲಾಡಿಸಿದ್ದ ತಮ್ಮ ಪಾದಗಳನ್ನು ನೋಡಿಕೊಂಡರು.